ಅಕ್ಕನ ತಟ್ಟೆ

ಹೊಸಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ತ್ರಿವೇಣಿಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ, ಒಡಹುಟ್ಟಿದ ಅಕ್ಕನೊಬ್ಬಳನ್ನು ಬಿಟ್ಟು. ಜೊತೆಯ ಶಿಕ್ಷಕಿಯರು ಸೈಟು ಕೊಂಡಾಗ, ಅವರ ಮಕ್ಕಳಿಗೆ ಮೆಡಿಕಲ್ ಸೀಟು ಸಿಕ್ಕಾಗ ಆಕೆ ಮನಸಾರೆ ಹಿಗ್ಗುತ್ತಿದ್ದಳು. ಅವರು ಕೊಟ್ಟ ಪೇಢೆಯ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಆಯಾಳ ಕೈಗೆ ಕೊಡುತ್ತಿದ್ದಳು. ಆದರೆ ಎಮ್ಮಿಗನೂರಿನ ಅಕ್ಕ ಕೊಟ್ರಬಸಮ್ಮ ಊಟಕ್ಕೆ ಕುಳಿತದ್ದನ್ನು ಕಂಡರೆ ಮಾತ್ರ ಆಕೆಗೆ ಆ ತಟ್ಟೆಯಿಂದ ಕಣ್ಣು ಕೀಳಲಾಗುತ್ತಿರಲಿಲ್ಲ.

ಇವರಿಬ್ಬರ ತಾಯಿ ಐವತ್ತು ತುಂಬುವ ಮೊದಲೇ ಲಕ್ವ ಹೊಡೆದು ತೀರಿಕೊಂಡಿದ್ದಳು. ಬಿ.ಪಿ. ಇತ್ತೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕುಳಿತಿದ್ದವಳು ಪಕ್ಕಕ್ಕೆ ವಾಲಿದಳು, ಅಷ್ಟೇ. ಆಗ ತ್ರಿವೇಣಿ ಬಳ್ಳಾರಿಯಲ್ಲಿ ಬಿ.ಎಡ್. ಓದುತ್ತಿದ್ದಳು. ಕೊಟ್ರಬಸಮ್ಮ ಹುಟ್ಟೂರು ಎಮ್ಮಿಗನೂರಿನವನೇ ಆದ ಜಡೆಪ್ಪನನ್ನು ಮದುವೆಯಾಗಿ ತವರಿನ ಪಕ್ಕದ ಓಣಿಯಲ್ಲೇ ಸಂಸಾರ ಹೂಡಿದ್ದಳು. ಸಾವು ಒಂದೇ ಆದರೂ ಅಕ್ಕತಂಗಿಯರು ಅದರಿಂದ ಕಲಿತದ್ದು ಬೇರೆಬೇರೆ. ಇರುವಷ್ಟು ದಿನ ಉಂಡುಟ್ಟು ಇರಬೇಕು ಎಂದು ಅಕ್ಕ ಅಂದುಕೊಂಡಳು. ತಂಗಿ ಹೆದರಿದಳು.

ಆ ಹೆದರಿಕೆಗೆ ಆಮೇಲೊಂದು ಶಾಸ್ತ್ರವೂ ಸಿಕ್ಕಿತು. ಆರೋಗ್ಯವಂತರು ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಸರ್ಕಾರ ಹೊರಡಿಸಿದ ಆಹಾರದ ಮಾರ್ಗಸೂಚಿಯ ಬಗ್ಗೆ ಶಿಕ್ಷಕರಿಗೆ ಒಂದು ತರಬೇತಿ ನಡೆದಿತ್ತು. ಅಲ್ಲಿಂದ ತಂದ ತಟ್ಟೆಯ ಚಿತ್ರವನ್ನು ತ್ರಿವೇಣಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಅರ್ಧ ತಟ್ಟೆ ತರಕಾರಿ ಹಣ್ಣು, ಉಳಿದರ್ಧದಲ್ಲಿ ಕಾಳು ಮತ್ತು ಧಾನ್ಯ. ಉಪ್ಪು ದಿನಕ್ಕೆ ಒಬ್ಬರಿಗೆ ಒಂದು ಸಣ್ಣ ಚಮಚೆ. ಸಕ್ಕರೆ, ಎಣ್ಣೆ ಎರಡೂ ಹಿಡಿತದಲ್ಲಿ. ಗಂಡ ಶಂಭುಲಿಂಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು, ತಕರಾರು ಮಾಡುವ ಜಾತಿಯಲ್ಲ. ಹಾಕಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು ಕಂಪನಿ ಬಸ್ಸಿಗೆ ಓಡುತ್ತಿದ್ದ. ಒಮ್ಮೆ ಮಾತ್ರ ಕೇಳಿದ್ದ.

"ಅಲ್ಲ ತ್ರಿವೇಣಿ, ನಮ್ಮ ಮನ್ಯಾಗ ಯಾರಿಗೂ ಶುಗರ್ ಇಲ್ಲ, ಬಿ.ಪಿ. ಇಲ್ಲ. ಜ್ವರ ಇಲ್ಲದಾಗ ಗುಳಿಗಿ ನುಂಗಿದಂಗ ಆಗಲಿಲ್ಲೇನು ಇದು?"

"ಜ್ವರ ಬಂದ ಮ್ಯಾಲ ನುಂಗೋದಕ್ಕಿಂತ ಬರದಂಗ ನೋಡ್ಕೊಳ್ಳೋದು ಚಲೋ ಅಲ್ರೀ" ಎಂದಿದ್ದಳು ಆಕೆ. ಅಲ್ಲಿಗೆ ಆ ಮಾತು ಮುಗಿದಿತ್ತು.

ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಮೂವರೂ ಎಮ್ಮಿಗನೂರಿಗೆ ಹೋಗುತ್ತಿದ್ದರು: ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಸುಷ್ಮಿತಾ. ಅಲ್ಲಿಯ ಪಡಸಾಲೆಯಲ್ಲಿ ಊಟಕ್ಕೆ ಕುಳಿತರೆ ತ್ರಿವೇಣಿಯ ಗಂಡ ಬೇರೆಯೇ ಮನುಷ್ಯನಾಗುತ್ತಿದ್ದ. ಬಿಸಿ ಹೋಳಿಗೆ ತಟ್ಟೆಗೆ ಬೀಳುತ್ತಿತ್ತು. ಅದರ ನಡುವೆ ಗುಂಡಿ ಮಾಡಿ ಕೊಟ್ರಬಸಮ್ಮ ತುಪ್ಪ ಸುರಿಯುತ್ತಿದ್ದಳು. ಎಣ್ಣೆಗಾಯಿ, ಹಪ್ಪಳ, ಕಟ್ಟಿನ ಸಾರು ಒಂದರ ಹಿಂದೆ ಒಂದು ಬರುತ್ತಿದ್ದವು. ಮನೆಯಲ್ಲಿ ತುಟಿ ಬಿಚ್ಚದೆ ಉಣ್ಣುವ ಶಂಭುಲಿಂಗ ಅಲ್ಲಿ ಹಾಸ್ಯ ಮಾಡುತ್ತಿದ್ದ. "ಅಕ್ಕಾರ, ಇನ್ನೊಂದು ಬರ್ಲಿ" ಎಂದು ತಾನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಸುಷ್ಮಿತಾ ಬೆರಳು ನೆಕ್ಕುತ್ತ, "ದೊಡ್ಡವ್ವ, ನಾ ಇಲ್ಲೇ ಇದ್ದುಬಿಡ್ತೀನಿ" ಅನ್ನುತ್ತಿದ್ದಳು. ತ್ರಿವೇಣಿ ಹೋಳಿಗೆಯ ಕಾಲುಭಾಗ ಹರಿದುಕೊಂಡು, ತುಪ್ಪದ ಮಿಳ್ಳೆಗೆ ಕೈ ಅಡ್ಡ ಹಿಡಿದು "ನನಗ ಸಾಕಕ್ಕ" ಎನ್ನುತ್ತಿದ್ದಳು.

ಎಲ್ಲರಿಗೂ ಬಡಿಸಿ ಕೊನೆಗೆ ಅಕ್ಕ ಕುಳಿತಾಗ ನೋಡಬೇಕು. ಆಕೆಗೆ ಉಣ್ಣುವುದೆಂದರೆ ಒಂದು ಕೆಲಸ, ಮೈಯೆಲ್ಲ ತೊಡಗಿಸಿ ಮಾಡುವ ಕೆಲಸ. ಮಂಡಿ ಮಡಚಿ, ತಲೆ ಬಗ್ಗಿಸಿ, ಆತುರವಿಲ್ಲದೆ ಕೊನೆಯ ತುತ್ತಿನವರೆಗೂ ಒಂದೇ ರುಚಿಯಿಂದ ಉಣ್ಣುತ್ತಿದ್ದಳು. ತಂಗಿಗಿಂತ ಮೂರು ವರ್ಷಕ್ಕೆ ದೊಡ್ಡವಳು, ಆದರೂ ಕೂದಲು ಇನ್ನೂ ದಟ್ಟವಾಗಿತ್ತು. ಮೈಯಲ್ಲಿ ಬೊಜ್ಜಿರಲಿಲ್ಲ. ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು. ಅರ್ಧ ಚಪಾತಿ ಹೆಚ್ಚಾದರೆ ಸಂಜೆ ಕಾಲುವೆಯ ದಂಡೆಗುಂಟ ಇನ್ನಷ್ಟು ನಡೆದು ಬರುವ ತ್ರಿವೇಣಿ, ಇದು ಯಾವ ನ್ಯಾಯ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಗಂಡ ಕಿಟಕಿಗೆ ತಲೆಯಾನಿಸಿ ಸುಖವಾಗಿ ನಿದ್ದೆ ಹೋಗಿರುತ್ತಿದ್ದ. ಅವನ ಮುಖ ನೋಡಿ ಆಕೆಗೆ ಇನ್ನಷ್ಟು ಉರಿಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಕೊಟ್ರಬಸಮ್ಮ ಹೊಸಪೇಟೆಗೆ ಬಂದು ತಂಗಿಯ ಮನೆಯಲ್ಲಿ ಎರಡು ದಿನ ಉಳಿದಳು. ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಬೇಕೆಂದು ಸುಷ್ಮಿತಾ ಹಟ ಹಿಡಿದಳು. ನಸುಕಿನಲ್ಲಿ ಅಕ್ಕ, ತಂಗಿ, ಸುಷ್ಮಿತಾ ಮೂವರೂ ಆಟೋ ಮಾಡಿಕೊಂಡು ಹೋದರು. ಏರು ಶುರುವಾದದ್ದೇ ಕೊಟ್ರಬಸಮ್ಮ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬಂಡೆಗಳ ಮೇಲೆ ಹೊಲದ ಬದುವಿನಲ್ಲಿ ನಡೆದಷ್ಟೇ ಸಲೀಸಾಗಿ ಹತ್ತಿದಳು. ಸುಷ್ಮಿತಾ ಆಕೆಯ ಬೆನ್ನ ಹಿಂದೆ. ತ್ರಿವೇಣಿ ಇಬ್ಬರಿಗಿಂತ ಬಹಳ ಕೆಳಗೆ ಒಂದು ಬಂಡೆಗೆ ಒರಗಿ ಏದುಸಿರು ಬಿಡುತ್ತ ನಿಂತಳು. ಮೇಲಿನಿಂದ ಅಕ್ಕನ ನಗು ಕೇಳಿಸಿತು. ಅದು ತನ್ನನ್ನು ಕುರಿತ ನಗುವಲ್ಲವೆಂದು ಗೊತ್ತಿದ್ದೂ ಆಕೆ ಹಲ್ಲು ಕಚ್ಚಿದಳು.

ತುದಿಯ ವೀರಭದ್ರನ ಗುಡಿ ಮುಟ್ಟುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ಕೊಟ್ರಬಸಮ್ಮ ಡಬ್ಬಿ ಬಿಚ್ಚಿ, ಊರಿಂದ ತಂದ ಶೇಂಗಾ ಹೋಳಿಗೆಯೊಂದನ್ನು ತಂಗಿಯ ಮುಂದೆ ಹಿಡಿದಳು. "ತಿನ್ನು, ದಣದೀದಿ."

"ಬ್ಯಾಡ" ಎಂದಳು ತ್ರಿವೇಣಿ. ಆಮೇಲೆ, ಅಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ಆಡಿಬಿಟ್ಟಳು. "ಅವ್ವ ಹೆಂಗ ಸತ್ಲು ನಿಂಗ ಮರತೈತಿ, ಅಲ್ಲಕ್ಕ? ಆಕಿನೂ ಹಿಂಗ ಗಟ್ಟಿಮುಟ್ಟಾಗಿದ್ಲು. ಹಿಂಗ ಉಣ್ತಿದ್ಲು. ನಿನಗೀಗ ಆಕಿ ವಯಸ್ಸಾತು, ದಾಟಿತು ಸೈತ."

ಕೊಟ್ರಬಸಮ್ಮ ಹೋಳಿಗೆಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಕೆಳಗೆ ತುಂಗಭದ್ರೆ, ಬಾಳೆ ತೋಟ, ವಿರೂಪಾಕ್ಷನ ಗೋಪುರ ಎಲ್ಲ ಬೆಳಗುತ್ತಿದ್ದವು. ಆಕೆ ಅದಾವುದನ್ನೂ ನೋಡಲಿಲ್ಲ. "ಹಂಗಾದ್ರ ನಾ ಏನು ಮಾಡ್ಲಿ ಹೇಳು" ಎಂದಳು ಸಣ್ಣ ದನಿಯಲ್ಲಿ.

ತ್ರಿವೇಣಿ ಹೇಳಿದಳು. ಹೊಸಪೇಟೆಗೆ ಮರಳಿ ತಟ್ಟೆಯ ಚಿತ್ರದ ಮುಂದೆ ಅಕ್ಕನನ್ನು ನಿಲ್ಲಿಸಿ ಪಾಠ ಮಾಡಿದಳು. ಆದರೆ ಹೇಳುವಾಗ ಪ್ರತಿಯೊಂದನ್ನೂ ಒಂದಿಷ್ಟು ಬಿಗಿ ಮಾಡಿದಳು. ಚಿತ್ರದಲ್ಲಿ ಒಂದು ಚಮಚೆ ಉಪ್ಪಿದ್ದರೆ ಅಕ್ಕನಿಗೆ ಅರ್ಧ ಎಂದಳು. ತುಪ್ಪ ಮಿತವಾಗಿರಲಿ ಎಂದಿದ್ದದ್ದು ಪೂರಾ ಬ್ಯಾಡ ಎಂದಾಯಿತು. ಹಗಲಿಗೆ ಒಂದೇ ರೊಟ್ಟಿ, ರಾತ್ರಿಗೆ ಅನ್ನವೇ ಇಲ್ಲ. ಉಪ್ಪಿನಕಾಯಿ, ಉಪ್ಪು ಹಾಕಿದ ಮಜ್ಜಿಗೆ ಮುಟ್ಟಲೇಬಾರದು. ಅಕ್ಕನ ಮೇಲಿನ ಕಾಳಜಿ ಸುಳ್ಳಾಗಿರಲಿಲ್ಲ. ಅದರ ಜೊತೆಗೇ ಇನ್ನೊಂದು ಇತ್ತು. ತಾನು ಇಷ್ಟು ವರ್ಷ ಬಿಟ್ಟದ್ದನ್ನು ಅಕ್ಕನೂ ಒಂದಿಷ್ಟು ದಿನ ಬಿಟ್ಟು ನೋಡಲಿ ಎಂಬ ಆಸೆ.

ಕೊಟ್ರಬಸಮ್ಮ ಏನು ಮಾಡಿದರೂ ಪೂರ್ತಿ ಮಾಡುವವಳು. ಪಥ್ಯವನ್ನೂ ಹಾಗೆಯೇ ಮಾಡಿದಳು. ಶಿವರಾತ್ರಿಯ ಹೊತ್ತಿಗೆ ತಂಗಿಯ ಮನೆಯವರು ಎಮ್ಮಿಗನೂರಿಗೆ ಹೋದಾಗ ಒಲೆಯ ಮೇಲೆ ಹೋಳಿಗೆಯ ಹಂಚಿರಲಿಲ್ಲ. ಬೇಯಿಸಿದ ತರಕಾರಿ, ಸಪ್ಪನೆಯ ಬೇಳೆ, ಒಂದೊಂದು ರೊಟ್ಟಿ. ಶಂಭುಲಿಂಗ ಮಾತಿಲ್ಲದೆ ಉಂಡೆದ್ದ, ಮನೆಯಲ್ಲಿ ಉಣ್ಣುವ ಹಾಗೆ. ಸುಷ್ಮಿತಾ ಫೋನು ನೋಡುತ್ತ ಕುಳಿತಳು. ಜಡೆಪ್ಪ ಹೆಂಡತಿಯ ತಟ್ಟೆಯನ್ನೊಮ್ಮೆ, ನಾದಿನಿಯ ಮುಖವನ್ನೊಮ್ಮೆ ನೋಡಿ ಎದ್ದು ಹೋದ.

ತ್ರಿವೇಣಿಗೆ ಆ ದಿನ ಊಟ ರುಚಿಸಿತು. ಇಡೀ ಪಂಕ್ತಿಯಲ್ಲಿ ಆಕೆಗೊಬ್ಬಳಿಗೇ.

"ಸ್ವಲ್ಪ ಇಳದೀಯಲ್ಲಕ್ಕ" ಎಂದಳು ಹೊರಡುವಾಗ, ಮೆಚ್ಚುಗೆಯ ದನಿಯಲ್ಲಿ.

"ಹೌದೇನು" ಎಂದಳು ಕೊಟ್ರಬಸಮ್ಮ. "ಕೈಕಾಲು ಬಿದ್ದಂಗ ಆಗತಾವ. ರೂಢಿ ಆಗಬೇಕಲ್ಲ."

ರೂಢಿಯಾಗಲಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತ್ರಿವೇಣಿ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಜಡೆಪ್ಪನ ಫೋನು ಬಂತು. "ನಿಮ್ಮಕ್ಕ ಕಬ್ಬಿನ ಹೊಲದಾಗ ಬಿದ್ದಾಳ. ಕಳೆ ತೆಗಿತಿದ್ಲು, ಹಂಗ ಕುಸದ್ಲು. ಮಾತಾಡಿಸಿದ್ರ ಹೂಂ ಅಂತಾಳ, ಎದ್ದು ನಿಂದ್ರಾಕ ಬರವಲ್ದು. ಕಾರು ಮಾಡ್ಕೊಂಡು ಹೊಸಪೇಟಿಗೆ ಕರಕೊಂಡು ಬರಾಕ ಹತ್ತೀವಿ."

ಹಿತ್ತಲಲ್ಲಿ ಪಕ್ಕಕ್ಕೆ ವಾಲಿದ್ದ ಅವ್ವ ಆಕೆಯ ಕಣ್ಣಮುಂದೆ ಬಂದಳು. ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತ ನಿಂತ ಹೊತ್ತಿನಲ್ಲಿ ಆಕೆಗೆ ಮಾತಂಗ ಬೆಟ್ಟದ ಮೇಲೆ ಆಡಿದ ಮಾತಿನ ಹೊರತು ಬೇರೇನೂ ನೆನಪಾಗಲಿಲ್ಲ. ಕಾರಿನಿಂದ ಇಳಿಸಿದಾಗ ಅಕ್ಕನ ತುಟಿ ಒಣಗಿ ಬಿಳಚಿತ್ತು. ಆದರೆ ಬಾಯಿ ಸೊಟ್ಟಗಾಗಿರಲಿಲ್ಲ. ಎರಡೂ ಕೈ ಆಡುತ್ತಿದ್ದವು. ತ್ರಿವೇಣಿ ಮೊದಲು ನೋಡಿದ್ದೇ ಅದನ್ನು.

ಡಾಕ್ಟರ್ ಯಶೋಧರಾ ನಡುವಯಸ್ಸಿನವರು, ಸಮಾಧಾನದ ಹೆಂಗಸು. ರಕ್ತ ಪರೀಕ್ಷೆಗೆ ಕಳಿಸಿ, ಸಲೈನ್ ಹಾಕಿಸಿ, ಸಂಜೆಯ ಹೊತ್ತಿಗೆ ರೋಗಿ ಎದ್ದು ಕೂತ ಮೇಲೆ ಕುರ್ಚಿ ಎಳೆದುಕೊಂಡು ಕುಳಿತರು.

"ಲಕ್ವ ಇಲ್ಲ, ಹೃದಯದ್ದೂ ಏನಿಲ್ಲ. ಶುಗರ್ ಇಲ್ಲ, ಕೊಲೆಸ್ಟ್ರಾಲ್ ಸರಿ ಐತಿ. ಮೈಯಾಗಿನ ಉಪ್ಪು ಇಳದೈತಿ, ಬಿ.ಪಿ. ಭಾಳ ಕಮ್ಮಿ ಆಗಿತ್ತು. ಈ ಬಿಸಲಾಗ ದುಡಿಯೋರು ನೀವು, ಏನು ಉಣ್ತೀರಿ ದಿನಾ?"

ಕೊಟ್ರಬಸಮ್ಮ ಹೇಳಿದಳು. ಡಾಕ್ಟರು ಹುಬ್ಬು ಗಂಟಿಕ್ಕಿದರು. "ಇಷ್ಟ ಉಣ್ಣು ಅಂತ ಯಾರು ಹೇಳಿದ್ರು ನಿಮಗ?"

"ಯಾರೋ ಹೇಳಿದ್ರು ಬಿಡ್ರಿ" ಎಂದಳು ಕೊಟ್ರಬಸಮ್ಮ, ತಂಗಿಯ ಕಡೆ ನೋಡದೆ.

"ನಾನ ಹೇಳಿದ್ದು" ಎಂದಳು ತ್ರಿವೇಣಿ. "ಸರ್ಕಾರದ ಮಾರ್ಗಸೂಚಿ ನೋಡಿ ಹೇಳಿದೆ. ಅದರಾಗಿದ್ದದ್ದಕ್ಕಿಂತ ಬಿಗಿ ಮಾಡಿ ಹೇಳಿದೆ."

ಡಾಕ್ಟರು ಆಕೆಯನ್ನು ಒಂದು ಕ್ಷಣ ನೋಡಿದರು. ಬೈಯಲಿಲ್ಲ. "ಮೊದ್ಲು ಏನು ಉಣ್ತಿದ್ರಿ ನೀವು?" ಎಂದು ಅಕ್ಕನನ್ನೇ ಕೇಳಿದರು.

"ಒಕ್ಕಲುತನದ ಮನ್ಯಾಗ ಏನಿರತೈತ್ರಿ? ಮುಂಜಾನಿ ರೊಟ್ಟಿ, ಕಾಳುಪಲ್ಯ. ಪುಂಡಿಪಲ್ಯನೋ ಮೆಂತ್ಯದ ಸೊಪ್ಪೋ, ಶೇಂಗಾ ಪುಡಿ, ಉಳ್ಳಾಗಡ್ಡಿ. ಹೊಲಕ್ಕ ಒಂದು ತಂಬಿಗಿ ಮಜ್ಜಿಗಿ. ಸಂಜಿಗೆ ಅನ್ನ ಸಾರು."

"ಹೋಳಿಗಿ, ತುಪ್ಪ ಹೇಳಲಿಲ್ಲಲ್ಲಕ್ಕ" ಎಂದು ತ್ರಿವೇಣಿ ನಡುವೆ ಬಾಯಿ ಹಾಕಿದಳು. ಆ ಗಳಿಗೆಯಲ್ಲೂ ಆಕೆಗೆ ತಡೆದುಕೊಳ್ಳಲಾಗಲಿಲ್ಲ. "ನಾ ಯಾವಾಗ ಹೋದ್ರೂ ಅವರ ಮನ್ಯಾಗ ಅದ ಇರತೈತ್ರಿ ಡಾಕ್ಟರ್."

ಕೊಟ್ರಬಸಮ್ಮ ತಂಗಿಯತ್ತ ತಿರುಗಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. "ನೀ ಬರ್ತಿ ಅಂತ ಮಾಡ್ತೀನಲ್ಲ ತ್ರಿವೇಣಿ. ನೀ ಬರದಿದ್ದಾಗ ಯಾವ ಹೋಳಿಗಿ? ಅವ್ವ ಹೋದ ಮ್ಯಾಲ ನಿನಗ ತವರುಮನಿ ಅಂದ್ರ ನಮ್ಮ ಮನಿ. ತವರಿಗೆ ಬಂದಾಕಿಗೆ ರೊಟ್ಟಿ ಉಳ್ಳಾಗಡ್ಡಿ ಹಾಕಿ ಕಳಸ್ಲೇನು? ನೀನ ಒಂದು ಚೂರು ಹರಕೊಂಡು ಸಾಕು ಅಂತಿ. ಉಳದವರು ತಿಂತಾರ."

 ಸಲೈನ್ ಹನಿಯುತ್ತಿತ್ತು. ಇಷ್ಟು ವರ್ಷ ತಾನು ಕಂಡು ಕರುಬಿದ್ದ ಊಟ ತನಗಾಗಿಯೇ ಮಾಡಿದ್ದೆಂಬುದು ತ್ರಿವೇಣಿಯ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಾಗದ ಸಿಟ್ಟು.

"ಡಾಕ್ಟರ್, ಒಂದು ಮಾತು ಹೇಳ್ರಿ" ಎಂದಳು. "ನನಗೂ ಏನೂ ರೋಗ ಇಲ್ಲ, ಅಕ್ಕಗೂ ಇಲ್ಲ. ನಾನು ತೂಗಿ ಅಳದು ಉಂಡೀನಿ. ಅಕ್ಕ ಯಾವ ಚಿತ್ರನೂ ನೋಡದ ಉಂಡಾಳ. ಇಬ್ಬರೂ ಒಂದ ಕಡೆ ಬಂದು ನಿಂತೀವಿ. ಹಂಗಾದ್ರ ಆ ಮಾರ್ಗಸೂಚಿ ನನಗ ಏನು ಕೊಟ್ತು?"

ಯಶೋಧರಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಟೀಚರ್ರ, ಅದು ಊರಿಗೆ ಹೇಳಿದ ಮಾತು, ನಿಮಗೊಬ್ಬರಿಗೆ ಹೇಳಿದ್ದಲ್ಲ. ಇಡೀ ಹೊಸಪೇಟಿ ಉಪ್ಪು ಸ್ವಲ್ಪ ಕಮ್ಮಿ ಮಾಡಿದ್ರ ಒಂದಿಷ್ಟು ಮಂದಿಗೆ ಲಕ್ವ ತಪ್ಪತೈತಿ. ಯಾರಿಗೆ ತಪ್ಪಿತು ಅನ್ನೋದು ಅವರಿಗೂ ಗೊತ್ತಾಗಂಗಿಲ್ಲ, ನಮಗೂ ಗೊತ್ತಾಗಂಗಿಲ್ಲ. ಉಳದವರು ಸಪ್ಪಂದು ಉಂಡಿದ್ದಷ್ಟ ಬಂತು. ಊರಿನ ಲೆಕ್ಕಕ್ಕ ಅದು ದೊಡ್ಡ ಲಾಭ. ಒಬ್ಬ ಗಟ್ಟಿಮನುಷ್ಯನ ಲೆಕ್ಕಕ್ಕ ಭಾಳ ಸಣ್ಣದು."

"ಅಂದ್ರ ನಾ ಸುಮ್ಮನ ಬಿಟ್ಟೆ, ಇಷ್ಟು ವರ್ಷ."

"ಸುಮ್ಮನ ಅಂತಾನೂ ನಾ ಹೇಳಂಗಿಲ್ಲ. ನಿಮ್ಮ ತಾಯಿಗೆ ಲಕ್ವ ಹೊಡದಿತ್ತು ಅಂತ ಬಂದಾಗ ಹೇಳಿದ್ರಿ. ಅದಕ್ಕ ನೀವಿಬ್ಬರೂ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸ್ಕೊಳ್ಳಾಕ ಬೇಕು. ನಿಮಗ ಬರದಿದ್ದದ್ದು ಪಥ್ಯದಿಂದನೋ, ಹಣೆಬರಹದಿಂದನೋ, ನನಗ ಗೊತ್ತಿಲ್ಲ. ಗೊತ್ತೈತಿ ಅಂದವರನ್ನ ನಂಬಬ್ಯಾಡ್ರಿ. ಇನ್ನೊಂದು, ಆ ಪುಸ್ತಕ ಬರೆದವರು ನಿಮ್ಮಕ್ಕ ಬಿಸಲಾಗ ಎಷ್ಟು ಬೆವರು ಸುರಸ್ತಾರ ಅಂತ ನೋಡಿಲ್ಲ. ನೀವು ನೋಡೀರಿ."

ಆ ಕೊನೆಯ ಮಾತು ತ್ರಿವೇಣಿಗೆ ನಾಟಿತು.

ಡಾಕ್ಟರ ಅಪ್ಪಣೆಯಂತೆ ಕೊಟ್ರಬಸಮ್ಮ ಒಂದು ವಾರ ಹೊಸಪೇಟೆಯಲ್ಲೇ ಉಳಿದಳು. ಮೂರನೆಯ ದಿನ ಮೈಯಲ್ಲಿ ಬಲ ಬಂದದ್ದೇ ತಂಗಿಯ ಅಡುಗೆಮನೆಗೆ ಹೊಕ್ಕು ಬದನೆಕಾಯಿ ಪಲ್ಯ ಮಾಡಿದಳು. ಎಣ್ಣೆ ತೀರ ಹೆಚ್ಚೇನೂ ಇರಲಿಲ್ಲ. ಪಾಳಿ ಮುಗಿಸಿ ಬಂದ ಶಂಭುಲಿಂಗ ಒಂದು ತುತ್ತು ಬಾಯಿಗಿಟ್ಟು, "ಇವತ್ತು ಅಕ್ಕಾರ ಕೈ ಬಿದ್ದೈತಿ" ಎಂದು ನಕ್ಕು ಇನ್ನೊಂದು ರೊಟ್ಟಿ ಕೇಳಿದ. ತನ್ನದೇ ಮನೆ, ತನ್ನದೇ ಅಳತೆಯ ಎಣ್ಣೆ, ತನ್ನದೇ ಗಂಡ. ತ್ರಿವೇಣಿ ರೊಟ್ಟಿಯನ್ನು ಅವನ ತಟ್ಟೆಗೆ ಕುಕ್ಕಿದಳು. ಕೈ ಬದಲಾದರೆ ರುಚಿಯೂ ಬದಲಾಗುವುದಕ್ಕೆ ಯಾವ ಮಾರ್ಗಸೂಚಿಯಲ್ಲೂ ವಿವರಣೆಯಿರಲಿಲ್ಲ.

ಆ ರಾತ್ರಿ ಪಾತ್ರೆ ಒರೆಸುತ್ತ ಆಕೆ ಅಕ್ಕನಿಗೆ ಹೇಳಿದಳು. "ನಿನ್ನ ಕಂಡ್ರ ನನಗ ಹೊಟ್ಟಿ ಉರಿತಿತ್ತಕ್ಕ. ನೀ ಉಣ್ಣೋದು ಕಂಡ್ರ."

"ಗೊತ್ತೈತಿ" ಎಂದಳು ಕೊಟ್ರಬಸಮ್ಮ. "ಸಣ್ಣಾಕಿ ಇದ್ದಾಗನೂ ಹಂಗ ನೋಡ್ತಿದ್ದಿ. ನಿನ್ನ ಮ್ಯಾಲ ನನಗೇನು ಹೊಟ್ಟಿಕಿಚ್ಚು ಇರಲಿಲ್ಲೇನು? ನೀ ಬ್ಯಾಡ ಅಂದ್ರ ಯಾರೂ ಒತ್ತಾಯ ಮಾಡಂಗಿಲ್ಲ. ಟೀಚರ್ ಬ್ಯಾಡ ಅಂದಾಳ, ಬಿಡು ಅಂತಾರ. ನಾ ಯಾವತ್ತರ ಬ್ಯಾಡ ಅಂದ್ರ ಮೈಯಾಗ ಹುಷಾರಿಲ್ಲೇನು ಅಂತ ಕೇಳ್ತಾರ." ಅಷ್ಟು ಹೇಳಿ ಒರೆಸಿದ ತಟ್ಟೆಗಳನ್ನು ಎತ್ತಿಟ್ಟಳು. ಆ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ.

ತ್ರಿವೇಣಿ ಪಥ್ಯ ಬಿಡಲಿಲ್ಲ. ಅವ್ವನ ಸಾವು ಆಕೆಯ ಮೈಯಲ್ಲಿ ಕೂತಿತ್ತು, ಡಾಕ್ಟರ ಮಾತಿಗೆ ಅದು ಎದ್ದು ಹೋಗುವಂಥದ್ದಲ್ಲ. ಉಪ್ಪು ಈಗಲೂ ಅಳತೆಯದೇ. ಆದರೆ ಇನ್ನೊಬ್ಬರ ತಟ್ಟೆಗೆ ಕಣ್ಣು ಹಾಯಿಸಿ ಇದು ಹೆಚ್ಚಾಯಿತು, ಅದು ಕಮ್ಮಿಯಾಯಿತು ಎನ್ನುವುದನ್ನು ಬಿಟ್ಟಳು. ಮಾರ್ಗಸೂಚಿಯ ಪಾಠ ಮಾಡುವಾಗ, ಮನೆಯಲ್ಲಿ ಯಾರು ಹೊಲದಲ್ಲಿ ದುಡಿಯುತ್ತಾರೆ, ಯಾರು ಕುರ್ಚಿಯಲ್ಲಿ ಕೂತು ದುಡಿಯುತ್ತಾರೆ ಎಂದು ಮಕ್ಕಳನ್ನು ಮೊದಲು ಕೇಳತೊಡಗಿದಳು.

ಮುಂಗಾರು ಶುರುವಾದ ಮೇಲೆ ಒಂದು ಬುಧವಾರ ಶಾಲೆಗೆ ಅರ್ಧ ದಿನ ರಜೆ ಸಿಕ್ಕಿತು. ತ್ರಿವೇಣಿ ಯಾರಿಗೂ ಹೇಳದೆ ಕಂಪ್ಲಿಯ ಬಸ್ಸು ಹತ್ತಿ, ಅಲ್ಲಿಂದ ಎಮ್ಮಿಗನೂರಿಗೆ ಹೋದಳು. ಕೊಟ್ರಬಸಮ್ಮ ಹೊಲದಿಂದ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದಳು. ತಂಗಿಯನ್ನು ಕಂಡು ಗಾಬರಿಯಾದಳು. "ಹೇಳಬಾರದೇನು? ಏನೂ ಮಾಡಿಲ್ಲಲ್ಲ. ಕುಂದ್ರು, ಹೋಳಿಗಿಗೆ ಬ್ಯಾಳಿ ಇಡ್ತೀನಿ."

"ಏನೂ ಇಡಬ್ಯಾಡ. ಇದ್ದದ್ದು ಹಾಕು."

ಇದ್ದದ್ದೆಂದರೆ ಮುಂಜಾನೆಯ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಒಂದು ಬಟ್ಟಲು ಮಜ್ಜಿಗೆ. ಅಕ್ಕತಂಗಿಯರು ಅಡುಗೆಮನೆಯ ನೆಲದಲ್ಲೇ ಎದುರುಬದುರು ಕುಳಿತರು. ತ್ರಿವೇಣಿಗೆ ಒಂದು ರೊಟ್ಟಿ ಸಲೀಸಾಗಿ ಹೋಯಿತು. ಎರಡನೆಯದನ್ನು ತಾನೇ ಕೇಳಿ ಹಾಕಿಸಿಕೊಂಡಳು. ಅರ್ಧಕ್ಕೆ ಹೊಟ್ಟೆ ತುಂಬಿತು. ಕೊಟ್ರಬಸಮ್ಮ ಉಳಿದರ್ಧವನ್ನು ತನ್ನ ಕಡೆ ಎಳೆದುಕೊಂಡಳು. ಅದರ ಮೇಲೆ ಪಲ್ಯ ಹಚ್ಚಿಕೊಂಡು, ತಲೆ ಬಗ್ಗಿಸಿ ಕೊನೆಯ ತುಣುಕಿನವರೆಗೂ ಅದೇ ಹಸಿವಿನಿಂದ ಉಂಡಳು. ತುಪ್ಪವಿಲ್ಲ, ಹೋಳಿಗೆಯಿಲ್ಲ, ಆರಿದ ರೊಟ್ಟಿ. ತ್ರಿವೇಣಿ ಕೈ ಒಣಗಿಸಿಕೊಂಡು ನೋಡುತ್ತಲೇ ಕುಳಿತಳು. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಆದರೂ ಆಕೆಗೆ ಏಳಲು ಮನಸ್ಸಾಗಲಿಲ್ಲ.